ಫಾರ್ಮಲ್ ಚಾರ್ಜ್: ಕಾಗದದ ಮೇಲಿನ ಆವೇಶ

ತಪ್ಪು ಕಲ್ಪನೆ: ಫಾರ್ಮಲ್ ಚಾರ್ಜ್ +1 ಬಂದರೆ ಆ ಪರಮಾಣು ನಿಜಕ್ಕೂ ಧನಾವೇಶ ಹೊತ್ತಿದೆ.

ವಾಸ್ತವ: ಬಂಧದ ಎರಡು ಎಲೆಕ್ಟ್ರಾನುಗಳನ್ನು ಆಸ್ತಿ ಪಾಲಿನ ಹಾಗೆ ಸರಿಸಮ ಹಂಚಿದರೆ ಯಾರಿಗೆಷ್ಟು ಎಂಬ ಲೆಕ್ಕವಷ್ಟೇ ಇದು. ಅಮೋನಿಯಂ ಅಯಾನಿನಲ್ಲಿ ನೈಟ್ರೋಜನ್ನಿನ ವೇಲೆನ್ಸಿ ಎಲೆಕ್ಟ್ರಾನು 5, ನಾಲ್ಕು ಬಂಧಗಳಿಂದ ಅದರ ಪಾಲಿಗೆ ಬಂದದ್ದು 4, ಹಾಗಾಗಿ +1. ಆದರೆ ನೈಟ್ರೋಜನ್ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಧನಾವೇಶ ಹೆಚ್ಚಾಗಿ ಹರಡಿರುವುದು ಸೊನ್ನೆ ಎಂದು ಬರೆದ ಹೈಡ್ರೋಜನ್‌ಗಳ ಮೇಲೆ!

ತಪ್ಪು ಕಲ್ಪನೆ: ಒಂಟಿ ಜೋಡಿಯಿಂದಲೂ ಒಂದೇ ಎಲೆಕ್ಟ್ರಾನು ಎಣಿಸಬೇಕು.

ವಾಸ್ತವ: ಅದು ಯಾರೊಂದಿಗೂ ಹಂಚಿಕೊಳ್ಳದ ಜೋಡಿ, ಎರಡನ್ನೂ ಎಣಿಸಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ತಪ್ಪು ಕಲ್ಪನೆ: ಫಾರ್ಮಲ್ ಚಾರ್ಜ್, ಉತ್ಕರ್ಷಣ ಸಂಖ್ಯೆ ಎರಡೂ ಒಂದೇ.

ವಾಸ್ತವ: ಉತ್ಕರ್ಷಣ ಸಂಖ್ಯೆ ಬಂಧದ ಎಲೆಕ್ಟ್ರಾನುಗಳನ್ನೆಲ್ಲ ಹೆಚ್ಚು ಸೆಳೆಯುವ ಪರಮಾಣುವಿಗೇ ಕೊಟ್ಟುಬಿಡುತ್ತದೆ. ಕಾರ್ಬನ್ ಮಾನಾಕ್ಸೈಡಿನಲ್ಲಿ ಮೂರು ಬಂಧ, ಎರಡೂ ಕಡೆ ಒಂದೊಂದು ಒಂಟಿ ಜೋಡಿ. ಕಾರ್ಬನ್ನಿಗೆ 4 − 2 − 3 = −1, ಆಕ್ಸಿಜನ್ನಿಗೆ 6 − 2 − 3 = +1. ಕಾರ್ಬನ್ನಿನ ಉತ್ಕರ್ಷಣ ಸಂಖ್ಯೆಯೋ +2! ಅಳೆದು ನೋಡಿದರೆ ಈ ಅಣುವಿನ ದ್ವಿಧ್ರುವ ಮಹತ್ವ ಸುಮಾರು 0.11 ಡಿಬೈ ಮಾತ್ರ, ಋಣ ತುದಿ ಕಾರ್ಬನ್ನಿನ ಕಡೆಗೆ. ಎರಡು ಲೆಕ್ಕಗಳೂ ಎರಡು ಅತಿಗಳು. ಅಣು ಅವುಗಳ ನಡುವೆ ಎಲ್ಲೋ ಇದೆ. ಈ ವಿಷಾನಿಲ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಅಂಟಿಕೊಳ್ಳುವುದೂ ಕಾರ್ಬನ್ನಿನ ಒಂಟಿ ಜೋಡಿಯಿಂದಲೇ.

ತಪ್ಪು ಕಲ್ಪನೆ: ಎಲ್ಲವೂ ಸೊನ್ನೆಯಾದ ರಚನೆಯೇ ಸರಿಯಾದದ್ದು.

ವಾಸ್ತವ: ಓಜೋನನ್ನು ತ್ರಿಕೋನ ಉಂಗುರವಾಗಿ ಬರೆದರೆ ಮೂರೂ ಆಕ್ಸಿಜನ್‌ಗಳಿಗೆ ಸೊನ್ನೆ ಬರುತ್ತದೆ. ಪ್ರಕೃತಿಯ ಓಜೋನ್ ಹಾಗಿಲ್ಲ. ಅದು ಸುಮಾರು 117 ಡಿಗ್ರಿ ಬಾಗಿದ ಅಣು, ನಡುವಿನ ಪರಮಾಣುವಿನ ಫಾರ್ಮಲ್ ಚಾರ್ಜ್ +1. −1 ಅನ್ನು ಒಂದು ತುದಿಗೆ ಬರೆದರೂ ಅದು ಎರಡೂ ತುದಿಗಳಿಗೆ ಸೇರಿದ್ದು. ಅದಕ್ಕೇ ಎರಡೂ ಬಂಧಗಳ ಉದ್ದ ಒಂದೇ, ಸುಮಾರು 128 ಪಿಕೊಮೀಟರ್.

ತಪ್ಪು ಕಲ್ಪನೆ: ಹಾಗಾದರೆ ಈ ಲೆಕ್ಕದಿಂದ ಉಪಯೋಗವಿಲ್ಲ.

ವಾಸ್ತವ: ಖಂಡಿತ ಇದೆ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡಿನಲ್ಲಿ ಆಕ್ಸಿಜನ್ನನ್ನು ನಡುವೆ ಇಟ್ಟು ಎರಡೂ ಕಡೆ ಜೋಡಿಬಂಧ ಹಾಕಿದರೆ ಅದಕ್ಕೆ +2 ಬರುತ್ತದೆ. ಎಲೆಕ್ಟ್ರಾನುಗಳನ್ನು ಅಷ್ಟು ಬಲವಾಗಿ ಸೆಳೆಯುವ ಆಕ್ಸಿಜನ್ನಿಗೆ ಇದು ಹೊಂದದು. ನಿಜ ಅಣುವಿನಲ್ಲಿ ಅದು ತುದಿಯಲ್ಲೇ ಇದೆ. ಇನ್ನು ಎರಡು ರಚನೆಗಳು ಉಳಿಯುತ್ತವೆ: −1 ಆಕ್ಸಿಜನ್ನಿನ ಮೇಲಿರುವುದು, ತುದಿಯ ನೈಟ್ರೋಜನ್ನಿನ ಮೇಲಿರುವುದು. ಮೊದಲನೆಯದಕ್ಕೇ ತೂಕ ಹೆಚ್ಚು. ಅದರಲ್ಲಿ ನೈಟ್ರೋಜನ್‌ಗಳ ನಡುವೆ ಮೂರು ಬಂಧ. ಅಳತೆಯಲ್ಲಿ ಸಿಗುವ ದೂರ ಸುಮಾರು 113 ಪಿಕೊಮೀಟರ್, ನೈಟ್ರೋಜನ್ ಅನಿಲದ 110ಕ್ಕೆ ತೀರ ಹತ್ತಿರ.