ಬಾಜೂಕ ಕುಂತ ಗೆಳೆಯನೂ ಒಬ್ಬ ಮಾಸ್ತರನೇ

ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ಮಕ್ಕಳು ಹಾದಿ ತಪ್ಪಿದಾಗ ಮಾತ್ರ ನೆನೆಯುತ್ತೇವೆ. ಮಗು ಕಲಿಯುವುದೂ ಸಹವಾಸದಿಂದಲೇ. ತನ್ನ ಮಾತಿನ ಮೇಲೆ ಅಭಿಮಾನವನ್ನೋ ನಾಚಿಕೆಯನ್ನೋ ಬೆಳೆಸಿಕೊಳ್ಳುವುದೂ ಸಹವಾಸದಿಂದಲೇ. ಅಕ್ಕಲಕೋಟೆ ತಾಲೂಕಿನ ನಮ್ಮಂಥವರಿಗೆ ಇದು ದಿನದ ಅನುಭವ.

ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ದುಧನಿಯ ಅಡತಿಯಲ್ಲಿ ತೊಗರಿಯ ದರ ಕೇಳುವಾಗ ಎರಡೂ ಒಟ್ಟಿಗೇ ಬಾಯಿಗೆ ಬರುತ್ತವೆ, ಯಾರೂ ನಗುವುದಿಲ್ಲ. ಶಾಲೆಯ ಮಾತೇ ಬೇರೆ. ಮರಾಠಿ ಶಾಲೆಯಲ್ಲಿ ಮೂರನೇ ಇಯತ್ತೆ ಓದುವ ಹುಡುಗನೊಬ್ಬ ಅಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಅಪ್ಪಾ, ಸಾಲಿ ಮುಂದ ಕನ್ನಡ ಮಾತಾಡಬ್ಯಾಡ, ಹುಡುಗ್ರು ನಗ್ತಾರ." ಗುರುಗಳು ಅವನನ್ನು ಗದರಿಸಿರಲಿಲ್ಲ. ನಾಲ್ಕು ಗೆಳೆಯರ ನಗೆಯೇ ಸಾಕಾಗಿತ್ತು. ಇಂಥ ನಗೆಗೆ ಹೆದರಿದ ಮಗು ಕನ್ನಡವನ್ನಷ್ಟೇ ಬಿಡುವುದಿಲ್ಲ; ತಿಳಿಯದ್ದನ್ನು ಕೇಳುವುದನ್ನೂ ಬಿಡುತ್ತದೆ. ಹಾಗಾಗಿ ಲೆಕ್ಕದಲ್ಲೂ ಹಿಂದೆ ಬೀಳುತ್ತದೆ.

ಕನ್ನಡ ಶಾಲೆಗೆ ಹಾಕಿದರಾಯಿತಲ್ಲ ಎನ್ನಬಹುದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಶಾಲೆಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ. ಅಂದರೆ ಎಲ್ಲವೂ ತಲೆಯೆಣಿಕೆಯ ಮೇಲೆ ನಿಂತಿದೆ. ಆದರೆ "ಬಾಜೂಮನಿ ಹುಡುಗ ಇಂಗ್ಲಿಷ್ ಸಾಲಿಗಿ ಹ್ವಾದ, ನಮ್ಮಾಂವಾ ಒಬ್ಬನ ಯಾಕ?" ಎಂದು ಒಬ್ಬರ ಹಿಂದೆ ಒಬ್ಬರು ಹೊರಟರೆ ವರ್ಗ ಬರಿದಾಗುತ್ತದೆ. ಸಹವಾಸ ಮಕ್ಕಳಿಗಷ್ಟೇ ಅಲ್ಲ, ನಮಗೂ ತಟ್ಟುತ್ತದೆ!

ಇದಕ್ಕೆ ಮದ್ದಿಲ್ಲವೆ? 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಹಾಗೂ ಮೆಕ್ಸಿಕೋ ಮೂಲದ ಮಕ್ಕಳನ್ನು ಒಂದೇ ವರ್ಗದಲ್ಲಿ ಕೂಡಿಸಿದಾಗ ಜಗಳ, ಅಣಕ ಹೆಚ್ಚಿದವು. ಮನಃಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಸಂಗಡಿಗರು ಮಕ್ಕಳನ್ನು ಬೆರೆಸಿ ಸಣ್ಣ ಗುಂಪು ಮಾಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟರು. ತನ್ನ ತುಂಡನ್ನು ಕಲಿತು ಉಳಿದವರಿಗೆ ಹೇಳಬೇಕು. ಒಬ್ಬ ಬಾಯಿ ಬಿಡದಿದ್ದರೆ ಎಲ್ಲರ ಪಾಠವೂ ಅರ್ಧ. ಅಣಕಿಸುತ್ತಿದ್ದವರು ತಾವಾಗಿಯೇ ಕೇಳತೊಡಗಿದರು.

ನಮ್ಮಲ್ಲೂ ಇದಕ್ಕೆ ಖರ್ಚಿಲ್ಲ. ಕನ್ನಡ ಮನೆಯ ಮಗುವನ್ನು ಮರಾಠಿ ಮನೆಯ ಮಗುವಿನ ಜೋಡಿ ಕೂಡಿಸಿ, ಇಬ್ಬರಿಗೂ ಹೇಳಿಕೊಡುವ ಕೆಲಸ ಹಂಚಿದರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಸಭೆಗೆ ಹೋದಾಗ ಬಿಸಿಯೂಟದ ಲೆಕ್ಕ ಕೇಳುತ್ತೇವೆ. ನಮ್ಮ ಮಗು ಯಾರ ಬಾಜೂಕ ಕೂಡ್ತದ, ವರ್ಗದಾಗ ಬಾಯಿ ಬಿಡ್ತದೋ ಇಲ್ಲೋ ಎಂಬುದನ್ನೂ ಕೇಳಬೇಕು.