ಬೈಸಿಕಲ್ ಚಕ್ರದೊಳಗಿನ ಗಲಗಲ

ಮನೆಯಲ್ಲಿ ದಿನವೂ ದುಡಿಯುವ ಉಪಕರಣಗಳಿಗೆ ಬಾಯಿಲ್ಲವೆಂದು ನಾವು ತಿಳಿದಿರುವೆವು. ಆದರೆ ಅವು ತಮ್ಮ ಕಷ್ಟವನ್ನು ಹೇಳಿಕೊಳ್ಳದೆ ಇರುವುದಿಲ್ಲ. ಬಾವಿಯ ರಾಟೆ ಕಿರುಗುಟ್ಟಿದರೆ ಎಣ್ಣೆಯನ್ನು ಬೇಡುತ್ತದೆ. ಬೀಸುವ ಕಲ್ಲಿನ ದನಿ ಬದಲಾದರೆ ಗೂಟ ಸಡಿಲವಾಯಿತೆಂದು ಮನೆಯಾಕೆ ತಿಳಿಯುತ್ತಾಳೆ. ಬೈಸಿಕಲ್ಲೂ ಹೀಗೆಯೇ. ಅದರ ಒಂದೊಂದು ಶಬ್ದಕ್ಕೂ ಒಂದೊಂದು ಅರ್ಥವುಂಟು. ಚಕ್ರ ತಿರುಗುತ್ತಿರುವವರೆಗೆ ಶಬ್ದವನ್ನು ಲಕ್ಷಿಸದಿರುವುದು ನಮ್ಮ ಸಾಮಾನ್ಯ ಸ್ವಭಾವ. ಈ ಅಲಕ್ಷ್ಯದಿಂದ ಆಗಬಹುದಾದ ಅಪಾಯವನ್ನು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ತಿಳಿಸಿ, ಪರಿಹಾರದ ಕ್ರಮವನ್ನು ಹೇಳಬೇಕೆಂದಿರುವೆನು.

ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು ಸೈಕಲ್ಲಿನ ಮೇಲೆ ಶಾಲೆಗೆ ಹೋಗಿಬರುತ್ತಾಳೆ. ಹಿಂದಿರುಗುವಾಗ ತಮ್ಮನನ್ನು ಕ್ಯಾರಿಯರಿನ ಮೇಲೆ ಕೂಡಿಸಿಕೊಂಡು ಬರುವುದು ವಾಡಿಕೆ. ಒಂದು ಸಂಜೆ ಅವಳು ಸೈಕಲ್ಲನ್ನು ತಳ್ಳಿಕೊಂಡು ಅಂಗಳಕ್ಕೆ ಬರುತ್ತಿದ್ದಾಗ ಹಿಂದಿನ ಚಕ್ರದಿಂದ, ಡಬ್ಬಿಯಲ್ಲಿ ಹುಣಿಸೆಬೀಜ ಹಾಕಿ ಅಲ್ಲಾಡಿಸಿದಂತೆ, ಗಲಗಲ ಶಬ್ದ ಕೇಳಿಸಿತು. “ಅಪ್ಪಾ, ಚಕ್ರದೊಳಗೆ ಏನೋ ಉರುಳಾಡುತ್ತಿದೆ” ಎಂದಳು. ಮರುದಿನ ಸೈಕಲ್ಲನ್ನು ಅಂಗಡಿಗೆ ಕಳುಹಿಸಿದೆನು. ಅಂಗಡಿಯವನು ಅದನ್ನು ಹತ್ತಿ ಬೀದಿಯಲ್ಲಿ ಒಂದು ಸುತ್ತು ಹೋಗಿಬಂದು, ಶಬ್ದವೇನೂ ಇಲ್ಲವೆಂದನು. ಆದರೂ ನಮ್ಮ ಸಮಾಧಾನಕ್ಕಾಗಿ ಅಚ್ಚಿನ ಗುಂಡುಗಳನ್ನು ಬದಲಾಯಿಸಿದನು. ರಿಮ್ಮು ಒಂದು ಕಡೆ ಬ್ರೇಕಿನ ರಬ್ಬರಿಗೆ ತಗಲುತ್ತಿದೆಯೆಂದು ಬ್ರೇಕನ್ನು ಸ್ವಲ್ಪ ಸಡಿಲಿಸಿದನು. ಹಣ ಕೊಟ್ಟು ಮನೆಗೆ ತಂದರೆ ಅಂಗಳದಲ್ಲಿ ಮತ್ತೆ ಅದೇ ಗಲಗಲ. ಹೀಗೆಯೇ ಒಂದು ತಿಂಗಳು ಕಳೆಯಿತು.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಬೀದಿಯಲ್ಲಿ ನಿಲ್ಲುವ ಶಬ್ದವು ಅಂಗಳದಲ್ಲಿ ಏಕೆ ಕೇಳಿಸುವುದೆಂಬುದನ್ನು ತಿಳಿದರೆ ಅರ್ಧ ರೋಗವು ಗೊತ್ತಾದಂತೆಯೇ ಸರಿ.

ಚಕ್ರದ ರಚನೆ

ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಕಂಬಗಳಂತೆ ನಿಂತು ಭಾರವನ್ನು ಕೆಳಗಿನಿಂದ ಹೊರುತ್ತವೆ. ಬೈಸಿಕಲ್ಲಿನ ಕಡ್ಡಿಗಳು ತೆಳುವಾದ ಉಕ್ಕಿನ ತಂತಿಗಳು, ಒತ್ತಿದರೆ ಬಾಗಿಹೋಗುವುವು. ಆದುದರಿಂದ ಅವನ್ನು ರಿಮ್ಮಿಗೂ ನಡುವಿನ ಗುಂಬಕ್ಕೂ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಈ ಎಳೆತವೇ ಚಕ್ರದ ಬಲ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಎಂಬಾತನು ೧೮೭೪ರಲ್ಲಿ ಕಡ್ಡಿಗಳನ್ನು ನೇರವಾಗಿ ನಿಲ್ಲಿಸದೆ ಗುಂಬದ ಅಂಚಿನಿಂದ ಓರೆಯಾಗಿ ಹಾಯಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಇಂದಿಗೂ ಹೆಚ್ಚಿನ ಚಕ್ರಗಳ ಕಟ್ಟು ಅದೇ. ನಮ್ಮ ದೇಶದ ಹಳೆಯ ಮಾದರಿಯ ಭಾರದ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ ೩೨, ಹಿಂದಿನದಕ್ಕೆ ೪೦ ಕಡ್ಡಿಗಳು. ಬೇರೆ ಅನೇಕ ಸೈಕಲ್ಲುಗಳಲ್ಲಿ ಎರಡಕ್ಕೂ ೩೬. ಪ್ರತಿಯೊಂದು ಕಡ್ಡಿಯ ತುದಿಯನ್ನೂ ನಿಪ್ಪಲ್ಲು ಎಂಬ ಚಿಕ್ಕ ತಿರುಪು ಹಿಡಿದಿರುತ್ತದೆ.

ರಿಮ್ಮುಗಳಲ್ಲಿ ಎರಡು ಬಗೆ. ಹಳೆಯ ಉಕ್ಕಿನ ರಿಮ್ಮು ಸಾಮಾನ್ಯವಾಗಿ ಒಂದೇ ಪದರದ್ದು. ನಿಪ್ಪಲ್ಲಿನ ತಲೆಗಳು ಟ್ಯೂಬಿನ ಕೆಳಗಿನ ಪಟ್ಟಿಗೇ ತಾಗಿರುತ್ತವೆ. ಈಚಿನ ಅಲ್ಯುಮಿನಿಯಮ್ ರಿಮ್ಮುಗಳಲ್ಲಿ ಅನೇಕವು ಎರಡು ಪದರದವು. ಪದರಗಳ ನಡುವೆ ಸುತ್ತಲೂ ಒಂದು ಪೊಳ್ಳು ಓಣಿಯಿರುತ್ತದೆ. ರಿಮ್ಮಿಗೆ ರಂಧ್ರ ಕೊರೆದಾಗ ಉಳಿದ ಲೋಹದ ಸಿಪ್ಪೆ, ಕಡ್ಡಿ ಕಟ್ಟುವಾಗ ಕೈಜಾರಿ ಬಿದ್ದ ನಿಪ್ಪಲ್ಲು ಅಥವಾ ಮುರಿದ ನಿಪ್ಪಲ್ಲಿನ ತಲೆ ಈ ಓಣಿಯನ್ನು ಸೇರಿದರೆ ತಾನಾಗಿ ಹೊರಕ್ಕೆ ಬರಲಾರದು. ಚಕ್ರ ಮೆಲ್ಲನೆ ತಿರುಗಿದಾಗ ಆ ಚೂರು ರಿಮ್ಮಿನೊಡನೆ ಸ್ವಲ್ಪ ಮೇಲೇರಿ, ಮತ್ತೆ ಜಾರಿ ಕೆಳಗೆ ಬೀಳುತ್ತದೆ. ಇದೇ ಗಲಗಲ.

ನೀರು ತುಂಬಿದ ಚೆಂಬನ್ನು ಹಗ್ಗಕ್ಕೆ ಕಟ್ಟಿ ರಭಸದಿಂದ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ. ಚಕ್ರದೊಳಗಿನ ಚೂರಿಗೂ ಅದೇ ನಿಯಮ. ಲೆಕ್ಕ ಹಾಕಿದರೆ, ದೊಡ್ಡವರ ಸೈಕಲ್ಲು ಗಂಟೆಗೆ ೬-೭ ಕಿಲೋಮೀಟರು ವೇಗವನ್ನು ದಾಟಿದ ಮೇಲೆ ಚೂರು ಚಕ್ರದ ನೆತ್ತಿಯಿಂದ ಬೀಳಲಾರದು. ವೇಗ ಮತ್ತಷ್ಟು ಹೆಚ್ಚಿದರೆ ಜಾರುವುದೂ ನಿಂತು, ಹೊರಪದರಕ್ಕೆ ಒತ್ತಿಕೊಂಡು ಚಕ್ರದೊಡನೆಯೇ ಸುತ್ತುತ್ತದೆ. ಅಂಗಡಿಯವನಿಗೆ ಕೇಳಿಸದ ಶಬ್ದ ನಮಗೆ ಕೇಳಿಸಿದ ಗುಟ್ಟು ಇದು.

ಶಬ್ದವನ್ನು ಗುರುತಿಸುವ ಬಗೆ

ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಥವಾ ತಲೆಕೆಳಗಾಗಿಸಿ, ಮನೆಯಲ್ಲಿ ಸದ್ದಡಗಿದ ಹೊತ್ತಿನಲ್ಲಿ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸತಕ್ಕದ್ದು. ಸದ್ದು ಯಾವಾಗಲೂ ಚಕ್ರದ ಕೆಳಭಾಗದಲ್ಲಿಯೇ ಕೇಳಿಸಿ, ಜೋರಾಗಿ ತಿರುಗಿಸಿದಾಗ ನಿಂತರೆ ಚೂರು ರಿಮ್ಮಿನ ಒಳಗಿದೆಯೆಂದು ತಿಳಿಯಬಹುದು. ಸುತ್ತಿಗೊಮ್ಮೆ ‘ಟಕ್’ ಎಂದು ಬಡಿಯುತ್ತಿದ್ದರೆ ವಾಲ್ವು ತನ್ನ ರಂಧ್ರದಲ್ಲಿ ಅಲ್ಲಾಡುತ್ತಿರಬಹುದು. ಅದನ್ನು ಬೆರಳಿನಿಂದ ಹಿಡಿದು ಅಲ್ಲಾಡಿಸಿದರೆ ಅದೇ ದನಿ ಬರುವುದು. ಗುಂಬದ ಬಳಿ ಒಂದೇ ಸಮನೆ ಗರಗರ ಎನ್ನುವುದು ಗುಂಡುಗಳ ದೋಷ. ಚಕ್ರ ಬರಿದೆ ತಿರುಗಿದಾಗ ಸುಮ್ಮನಿದ್ದು, ಸವಾರನು ಹತ್ತಿದಾಗ ಮಾತ್ರ ಕಿಟಕಿಟ ಎಂದರೆ ಕಡ್ಡಿಗಳು ಸಡಿಲವಾಗಿರುವ ಸಂಭವವುಂಟು. ಮಡ್ಗಾರ್ಡಿನ ತಿರುಪುಗಳನ್ನೂ ಕಡ್ಡಿಗೆ ಸಿಕ್ಕಿಸಿದ ಹೊಳೆಯುವ ಬಿಲ್ಲೆಗಳನ್ನೂ ಮೊದಲೇ ಬಿಗಿಮಾಡಿ ನೋಡಬೇಕು. ಅನೇಕ ವೇಳೆ ಕಳ್ಳನು ಅಲ್ಲಿಯೇ ಸಿಕ್ಕುವನು.

ತೆಗೆಯುವ ಕ್ರಮ

ಚಕ್ರವನ್ನು ಬಿಚ್ಚಿ, ಗಾಳಿಯನ್ನು ಪೂರ್ಣವಾಗಿ ಬಿಟ್ಟು, ಟೈರನ್ನೂ ಟ್ಯೂಬನ್ನೂ ಹೊರಕ್ಕೆ ತೆಗೆಯಬೇಕು. ಇದಕ್ಕೆ ಚೂಪಾದ ತಿರುಪುಳಿಯನ್ನು ಬಳಸಬಾರದು, ಟ್ಯೂಬು ಹರಿಯುವುದು. ಟೈರು ಬಿಚ್ಚುವ ಪಟ್ಟಿಗಳಿಲ್ಲದಿದ್ದರೆ ನುಣುಪಾದ ಚಮಚದ ಹಿಡಿ ಸಾಕು. ರಿಮ್ಮಿನ ಮೇಲಿನ ಪಟ್ಟಿಯನ್ನು ಹರಿಯದಂತೆ ಎಬ್ಬಿಸಿದರೆ, ಎರಡು ಪದರದ ರಿಮ್ಮಿನಲ್ಲಿ ಪ್ರತಿ ನಿಪ್ಪಲ್ಲಿಗೂ ಎದುರಾಗಿ ಒಂದೊಂದು ದೊಡ್ಡ ರಂಧ್ರ ಕಾಣಿಸುವುದು.

ಈಗ ನೆಲದ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿ, ಚಕ್ರವನ್ನು ಅದರ ಮೇಲೆ ನಿಲುವಾಗಿ ಎತ್ತಿಹಿಡಿದು ನಿಧಾನವಾಗಿ ತಿರುಗಿಸತಕ್ಕದ್ದು. ಚಕ್ರದ ತಳದಲ್ಲಿ ರಂಧ್ರಗಳು ಕೆಳಮುಖವಾಗಿರುವುದರಿಂದ ಚೂರು ಅವುಗಳ ಮೇಲೆ ಜಾರುತ್ತ ಯಾವುದಾದರೊಂದರಿಂದ ಹೊರಕ್ಕೆ ಬೀಳುವುದು. ಬೀಳದಿದ್ದರೆ ಸದ್ದು ಕೇಳಿಸುವ ಸ್ಥಳದಲ್ಲಿ ತಿರುಪುಳಿಯ ಮರದ ಹಿಡಿಯಿಂದ ಮೆಲ್ಲನೆ ತಟ್ಟಬೇಕು. ರಂಧ್ರದ ಬಳಿಗೆ ಬಂದ ಚೂರನ್ನು ತುದಿ ಬಾಗಿಸಿದ ತಂತಿಯಿಂದ ಸರಿಪಡಿಸಿ ಚಿಮುಟದಿಂದ ಎಳೆಯಬೇಕು. ಅಯಸ್ಕಾಂತವು ಉಕ್ಕಿನ ಚೂರಿಗೆ ಮಾತ್ರ ಉಪಯೋಗ; ನಿಪ್ಪಲ್ಲುಗಳು ಹೆಚ್ಚಾಗಿ ಹಿತ್ತಾಳೆಯವಾದುದರಿಂದ ಅದಕ್ಕೆ ಅಂಟುವುದಿಲ್ಲ. ಏನು ಮಾಡಿದರೂ ಬಾರದ ಸಣ್ಣ ಸಿಪ್ಪೆಯಿದ್ದರೆ, ಅದನ್ನು ಒಂದೆಡೆಗೆ ತಂದು, ಮೇಲೆ ಎರಡು ತೊಟ್ಟು ಅಂಟನ್ನು ಬಿಟ್ಟು, ಒಣಗುವವರೆಗೆ ಚಕ್ರವನ್ನು ಅಲುಗಿಸದೆ ಇಟ್ಟರೆ ಅದು ಅಲ್ಲಿಯೇ ನಿಲ್ಲುವುದು. ಆದರೆ ಚೂರು ಯಾವುದೆಂದು ತಿಳಿಯುವ ಮೊದಲು ಅಂಟು ಹಾಕುವುದು ರೋಗವನ್ನು ಮುಚ್ಚಿಟ್ಟಂತೆ.

ನಮ್ಮ ಬಟ್ಟೆಯ ಮೇಲೆ ಬಿದ್ದುದು ಒಂದು ನಿಪ್ಪಲ್ಲಿನ ಮುರಿದ ತಲೆ. ಹೆಸರುಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಅದನ್ನು ಕಂಡೊಡನೆ ಕಡ್ಡಿಗಳನ್ನು ಎರಡೆರಡಾಗಿ ಹಿಡಿದು ಒತ್ತಿನೋಡಿದೆನು. ಎಲ್ಲವೂ ತಂತಿವಾದ್ಯದಂತೆ ಬಿಗಿಯಾಗಿದ್ದುವು. ಒಂದು ಮಾತ್ರ ಬತ್ತಿಯಂತೆ ಸಡಿಲವಾಗಿತ್ತು. ಒಂದು ತಿಂಗಳಿನಿಂದ ಆ ಕಡ್ಡಿ ದುಡಿಯುತ್ತಲೇ ಇರಲಿಲ್ಲ. ಅದರ ಪಾಲಿನ ಎಳೆತವೆಲ್ಲ ನೆರೆಯ ಕಡ್ಡಿಗಳ ಮೇಲೆ ಬಿದ್ದಿತ್ತು. ರಿಮ್ಮು ಓರೆಯಾಗಿ ಬ್ರೇಕಿಗೆ ತಗಲಿದುದೂ ಅದರಿಂದಲೇ. ತಗಲುವ ಕಾರಣವನ್ನು ಹುಡುಕದೆ ನಾವು ಬ್ರೇಕನ್ನೇ ಸಡಿಲಿಸಿದ್ದೆವು! ಹೀಗೆ ಬಲಗುಂದಿದ ಚಕ್ರದ ಮೇಲೆ, ಹಿಡಿತ ಕಡಿಮೆಯಾದ ಬ್ರೇಕಿನೊಡನೆ, ಮಕ್ಕಳಿಬ್ಬರೂ ಬಸ್ಸು ಲಾರಿಗಳ ನಡುವೆ ದಿನವೂ ಬಂದಿದ್ದರು. ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆನು.

ಅಂದೇ ಚಕ್ರವನ್ನು ಅದೇ ಅಂಗಡಿಗೆ ಒಯ್ದು ಚೂರನ್ನು ತೋರಿಸಿದೆನು. ಅವನು ಹೊಸ ನಿಪ್ಪಲ್ಲು ಹಾಕಿ, ರಿಮ್ಮಿನ ಬೆಂಡು ತೆಗೆದು, ಬ್ರೇಕನ್ನು ಮತ್ತೆ ಬಿಗಿಮಾಡಿದನು. ಕಡ್ಡಿಗಳನ್ನು ಬಿಗಿಮಾಡುವುದು ಕೈಪಳಗಿದವರ ಕೆಲಸ. ಒಂದನ್ನು ಹೆಚ್ಚು ಎಳೆದರೆ ಚಕ್ರವೆಲ್ಲ ಸೊಟ್ಟಗಾಗುವುದು. ಆದುದರಿಂದ ಚೂರನ್ನು ತೆಗೆಯುವವರೆಗೆ ಗೃಹಸ್ಥನ ಕೆಲಸ, ಮುಂದಿನದು ಕಸಬುದಾರನ ಕೆಲಸ.

ಚಕ್ರ ಬಿಚ್ಚಿದಾಗಲೇ ರಿಮ್ಮನ್ನು ಒರೆಸಿ ಬೆಳಕಿಗೆ ಹಿಡಿದು ನೋಡತಕ್ಕದ್ದು. ನಿಪ್ಪಲ್ಲಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ? ವಾಲ್ವಿನ ಎದುರು ಬದಿಯಲ್ಲಿ ಸಾಮಾನ್ಯವಾಗಿ ಇರುವ ಜೋಡಣೆ ಬಾಯಿ ಬಿಟ್ಟಿದೆಯೇ? ಬ್ರೇಕಿನ ರಬ್ಬರು ರಿಮ್ಮಿಗೇ ಉಜ್ಜುವ ಸೈಕಲ್ಲುಗಳಲ್ಲಿ ಅದರ ಪಕ್ಕಗಳು ವರ್ಷ ಕಳೆದಂತೆ ಸವೆದು ತೆಳುವಾಗುತ್ತವೆ; ಬೆರಳಾಡಿಸಿದರೆ ತಗ್ಗು ಗೊತ್ತಾಗುವುದು. ಬಿರುಕು ಬಿಟ್ಟ ಅಥವಾ ಬಹಳ ಸವೆದ ರಿಮ್ಮಿಗೆ ಮದ್ದಿಲ್ಲ. ಅದನ್ನು ಬದಲಾಯಿಸಲೇಬೇಕು.

ಮತ್ತೆ ಜೋಡಿಸುವಾಗ ಪಟ್ಟಿಯು ಎಲ್ಲ ರಂಧ್ರಗಳನ್ನೂ ಮುಚ್ಚಿರಬೇಕು. ಇಲ್ಲವಾದರೆ ಅವುಗಳ ಅಂಚು ಟ್ಯೂಬನ್ನು ಕೊರೆಯುವುದು. ವಾಲ್ವನ್ನು ನೆಟ್ಟಗೆ ನಿಲ್ಲಿಸಿ, ಅದರ ಬಳೆಯನ್ನು ಬೆರಳಿನಿಂದ ಬಿಗಿಮಾಡಿದರೆ ಸಾಕು. ಟೈರಿನ ಅಂಚಿನಲ್ಲಿ ಟ್ಯೂಬು ಸಿಕ್ಕಿಕೊಂಡಿಲ್ಲವೆಂದು ಸುತ್ತಲೂ ನೋಡಿ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಪ್ರಮಾಣದಂತೆ ಗಾಳಿ ತುಂಬಬೇಕು.

ಬೆಲ್ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಒರಟು ಬೀದಿಯಲ್ಲಿ ಕುಲುಕಾಡುವುದನ್ನು ಕಂಡು ಗಾಳಿಯ ಟೈರನ್ನು ರಚಿಸಿ, ೧೮೮೮ರಲ್ಲಿ ಪೇಟೆಂಟು ಪಡೆದನು. ಮಗುವಿನ ಕಷ್ಟಕ್ಕೆ ಕಿವಿಗೊಟ್ಟ ತಂದೆಯಿಂದ ಲೋಕಕ್ಕೆಲ್ಲ ಉಪಕಾರವಾಯಿತು. ನಾವು ಅಷ್ಟು ದೊಡ್ಡ ಕೆಲಸ ಮಾಡಬೇಕಾಗಿಲ್ಲ. ವಾರಕ್ಕೊಮ್ಮೆ ಮಕ್ಕಳ ಸೈಕಲ್ಲಿನ ಚಕ್ರವನ್ನು ಮೆಲ್ಲನೆ ತಿರುಗಿಸಿ, ಒಂದು ಗಳಿಗೆ ಸುಮ್ಮನೆ ಆಲಿಸಿದರೆ ಸಾಕು. ಈಗ ನಮ್ಮ ಮನೆಯಲ್ಲಿ ಭಾನುವಾರದ ಬೆಳಗ್ಗೆ ಆ ಕೆಲಸವನ್ನು ಮಗಳೇ ಮಾಡುತ್ತಾಳೆ. ತಮ್ಮನು ಪಕ್ಕದಲ್ಲಿ ಕುಳಿತು ಕಿವಿಗೊಡುತ್ತಾನೆ.