ಎರಡನೆಯ ಸಲ

ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಪಟ್ಟಣದಲ್ಲಿ ನಾಜಿ ಅಪರಾಧಗಳ ತನಿಖೆಗೆಂದೇ ಇರುವ ಸರ್ಕಾರಿ ಕೇಂದ್ರವಿದೆ. ಅಮೆರಿಕದ ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್ ಅಲ್ಲಿ ಹಳೆಯ ಮೊಕದ್ದಮೆಗಳ ಕಡತ ಓದುತ್ತಿದ್ದಾಗ ಯುದ್ಧಕಾಲದ ಜರ್ಮನ್ ಪೊಲೀಸ್ ದಳವಾದ ರಿಸರ್ವ್ ಪೊಲೀಸ್ ಬೆಟಾಲಿಯನ್ 101ರ ಮೇಲಿನ ದೋಷಾರೋಪ ಪಟ್ಟಿ ಕೈಗೆ ಸಿಕ್ಕಿತು. ಹ್ಯಾಂಬರ್ಗಿನ ಸರ್ಕಾರಿ ವಕೀಲರು 1962ರಿಂದ 1972ರವರೆಗೆ ಆ ದಳದ 210 ಮಂದಿಯ ಹೇಳಿಕೆ ಬರೆದುಕೊಂಡಿದ್ದರು. ಬಹುಪಾಲು ನಡುವಯಸ್ಸಿನ ಸಂಸಾರಸ್ಥರು: ಬಂದರಿನ ಕೂಲಿಗಳು, ಲಾರಿ ಚಾಲಕರು, ಗುಮಾಸ್ತರು.

ಆ ಹೇಳಿಕೆಗಳಲ್ಲಿ ಹಲವು ಒಂದು ಬೆಳಗಿನ ಸುತ್ತ ಸುತ್ತುತ್ತವೆ. 1942ರ ಜುಲೈ 13, ಪೋಲೆಂಡಿನ ಯುಝೆಫೂಫ್ ಗ್ರಾಮ. ಮೇಜರ್ ವಿಲ್ಹೆಲ್ಮ್ ಟ್ರಾಪ್ ತನ್ನವರ ಮುಂದೆ ನಿಂತು, ಗಂಟಲು ಕಟ್ಟಿ, ಕಣ್ಣಲ್ಲಿ ನೀರು ತುಂಬಿಕೊಂಡು ಆಜ್ಞೆ ತಿಳಿಸಿದ. ಊರಿನ ಯೆಹೂದಿ ಹೆಂಗಸರು, ಮಕ್ಕಳು, ಮುದುಕರನ್ನೆಲ್ಲ ಕೊಲ್ಲಬೇಕು. ಕೂಡಲೇ ಇನ್ನೊಂದು ಮಾತೂ ಹೇಳಿದ: ದಳದ ಹಿರಿಯರಲ್ಲಿ ತಮ್ಮಿಂದಾಗದು ಅನ್ನಿಸಿದವರು ಪಕ್ಕಕ್ಕೆ ಬರಬಹುದು. ಸುಮಾರು ಹನ್ನೆರಡು ಜನ ಬಂದರು. ಅವರಿಗೆ ಶಿಕ್ಷೆಯಾಗಲಿಲ್ಲ. ಹ್ಯಾಂಬರ್ಗಿನಲ್ಲಿ ಮರದ ವ್ಯಾಪಾರವಿದ್ದ ಒಬ್ಬ ಲೆಫ್ಟಿನೆಂಟ್ ಹಿಂದಿನ ರಾತ್ರಿಯೇ ತನ್ನಿಂದಾಗದು ಎಂದಿದ್ದ; ಅವನಿಗೆ ಬೇರೆ ಕೆಲಸ ಕೊಟ್ಟರು, ಅಷ್ಟೇ. ಆಯ್ಕೆ ಅಷ್ಟು ನಿಚ್ಚಳವಾಗಿ ಎದುರು ನಿಂತ ದಾಖಲೆಯನ್ನು ಬ್ರೌನಿಂಗ್ ಅದುವರೆಗೆ ಕಂಡಿರಲಿಲ್ಲ.

ಉಳಿದವರು ಕಾಡಿಗೆ ನಡೆದರು. ಸಂಜೆಯ ಹೊತ್ತಿಗೆ ಸತ್ತವರು ಸುಮಾರು 1,500. ಮಧ್ಯದಲ್ಲೇ ಕೈಸೋತು ಬಿಟ್ಟವರಿದ್ದರು. ಲೋಹದ ಕೆಲಸಗಾರನೊಬ್ಬ ಮಾತ್ರ ತನಗೊಂದು ಲೆಕ್ಕ ಹಾಕಿಕೊಂಡ: ಪಕ್ಕದವನು ತಾಯಂದಿರಿಗೆ ಗುಂಡಿಕ್ಕುತ್ತಿದ್ದಾನೆ, ತಾಯಿಯಿಲ್ಲದ ಮಗು ಹೇಗೂ ಬದುಕದು, ಹಾಗಾದರೆ ತಾನು ಮಕ್ಕಳನ್ನು ಕೊಂದರೆ ಅವಕ್ಕೆ ಬಿಡುಗಡೆ. ಇಡೀ ಕಡತದಲ್ಲಿ ನನ್ನನ್ನು ಹೆಚ್ಚು ಕಂಗೆಡಿಸುವುದು ಇದೇ. ಮಾಡಿದ್ದಕ್ಕೆ ಕಾರಣ ಹುಡುಕಿಕೊಂಡವನಿಗೆ ಮುಂದಿನ ಗುಂಡು ಹಾರಿಸಲು ಹೊಸ ಕಾರಣ ಬೇಕಾಗುವುದಿಲ್ಲ.

ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ, ಮೂಗಿನ ಮಟ್ಟ ಕುಡಿದರು, ನಡೆದದ್ದರ ಬಗ್ಗೆ ಬಾಯಿಬಿಡಲಿಲ್ಲ. ಆಗಸ್ಟಿನಲ್ಲಿ ವೊಮಾಝಿ ಎಂಬ ಊರಿನಲ್ಲಿ 1,700 ಜನರನ್ನು ಕೊಂದಾಗ ಆ ಆಘಾತ ಕಾಣಲಿಲ್ಲ. ಗುಂಡು ಹಾರಿಸುವ ಕೆಲಸವನ್ನು ಬಹುಪಾಲು ಬೇರೊಂದು ಸಹಾಯಕ ಪಡೆಗೆ ಹಂಚಿದ್ದರು, ಪಕ್ಕಕ್ಕೆ ಸರಿಯಲು ಯಾರೂ ಕರೆಯಲೂ ಇಲ್ಲ. ಆದರೆ ಕೈ ಪಳಗಿದ್ದೂ ನಿಜ ಎಂದು ಬ್ರೌನಿಂಗ್ ಕಂಡುಕೊಂಡರು. ಕೆಲವು ತಿಂಗಳಲ್ಲಿ ಊಟದ ಮೇಜಿನಲ್ಲಿ ಕೊಲೆಯ ಬಗ್ಗೆ ತಮಾಷೆ ಶುರುವಾಯಿತು. ಕೊನೆಗೆ ಈ ದಳದ ಗುಂಡಿಗೆ ಬಲಿಯಾದವರು ಕನಿಷ್ಠ 38,000. ಟ್ರೆಬ್ಲಿಂಕಾ ಸಾವಿನ ಶಿಬಿರದ ರೈಲಿಗೆ ಅದು ಹತ್ತಿಸಿದ್ದು 45,000 ಜನರನ್ನು. ಈ ಕಡತ ಆಧರಿಸಿದ ಬ್ರೌನಿಂಗ್ ಪುಸ್ತಕ 1992ರಲ್ಲಿ ಬಂತು.

ಮೊದಲ ಕೊಲೆ ಎರಡನೆಯದನ್ನು ಸುಲಭವಾಗಿಸುತ್ತದೆ ಎಂದು ಕಡತ ತೋರಿಸಿದ್ದನ್ನು ಪ್ರಯೋಗದಲ್ಲಿ ಹುಡುಕಿದವರು ಮನಃಶಾಸ್ತ್ರಜ್ಞ ಆಂಡಿ ಮಾರ್ಟೆನ್ಸ್ ಮತ್ತು ಸಂಗಡಿಗರು. ವಿದ್ಯಾರ್ಥಿಗಳ ಕೈಗೆ ಮಾರ್ಪಡಿಸಿದ ಕಾಫಿ ಪುಡಿಮಾಡುವ ಯಂತ್ರ ಕೊಟ್ಟು ಹುಳುಗಳನ್ನು ಕೊಲ್ಲಲು ಹೇಳಿದರು. ವಾಸ್ತವದಲ್ಲಿ ಯಾವ ಹುಳುವೂ ಸಾಯುತ್ತಿರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅಭ್ಯಾಸಕ್ಕೆಂದು ಮೊದಲು ಹೆಚ್ಚು ಹುಳು ಕೊಂದವರು ಮುಂದೆ ತಮ್ಮಿಷ್ಟಕ್ಕೆ ಬಿಟ್ಟಾಗಲೂ ಹೆಚ್ಚು ಕೊಂದರು. ಆದರೆ ಎಲ್ಲರಲ್ಲೂ ಅಲ್ಲ. ಹುಳುವಿಗೂ ತನಗೂ ಅಷ್ಟಿಷ್ಟು ಹೋಲಿಕೆಯಿದೆ ಎಂದುಕೊಂಡವರಲ್ಲೇ, ಅಂದರೆ ಕೊಂದದ್ದಕ್ಕೆ ಮನಸ್ಸು ಕಸಿವಿಸಿಗೊಳ್ಳಬೇಕಾದವರಲ್ಲೇ, ಆ ಏರಿಕೆ ಕಂಡಿತು.